ಬೇಲಿ ಹೊಲ ಮೇಯ್ದ ಕಥೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಬಸವಣ್ಣನವರ ವಚನವೊಂದರಲ್ಲಿಯೂ ಅದರ ಸುಳಿವು ಇರುವುದನ್ನು ನೋಡಿದರೆ, ಅವರ ಕಾಲಕ್ಕಾಗಲೇ ಅದು ಜನರ ಬಾಯಲ್ಲಿ ಸವೆದ ಮಾತಾಗಿದ್ದಿರಬೇಕು. ಆ ವಚನವನ್ನು ತರಗತಿಯಲ್ಲಿ ಪಾಠ ಹೇಳುವಾಗ, ಬೇಲಿಯೆಂದರೆ ಕಾಯಬೇಕಾದ ಅಧಿಕಾರ, ಹೊಲವೆಂದರೆ ಕಾಯಿಸಿಕೊಳ್ಳಬೇಕಾದ ಬದುಕು ಎಂದು ಅರ್ಥ ಬಿಡಿಸುವುದು ನಮ್ಮಂಥ ಕನ್ನಡ ಅಧ್ಯಾಪಕರ ವಾಡಿಕೆ. ರೂಪಕವೆಂದ ಮೇಲೆ ಅಷ್ಟೇ ಸಾಕು. ಆದರೆ ನಮ್ಮ ದೇಶದಲ್ಲಿಯೇ, ಸುಮಾರು ನೂರೈವತ್ತು ವರ್ಷಗಳ ಹಿಂದೆ, ಈ ರೂಪಕ ರೂಪಕವಾಗಿ ಉಳಿಯದೆ ನೆಲದ ಮೇಲೆ ಬೇರು ಬಿಟ್ಟಿತ್ತು. ಅದು ನಿಜವಾದ ಮುಳ್ಳಿನ ಬೇಲಿ. ಜಾಲಿ, ಎಲಚಿ, ಕಳ್ಳಿಗಳಿಂದ ಬೆಳೆಸಿದ್ದು. ಅದನ್ನು ಕಾಯಲು ಹನ್ನೆರಡು ಸಾವಿರಕ್ಕೂ ಮಿಕ್ಕಿದ ಆಳುಗಳು. ಅದು ಮೇಯ್ದದ್ದು ಮಾತ್ರ ಬೆಳೆಯನ್ನಲ್ಲ, ಬಡವನ ಊಟದ ಉಪ್ಪನ್ನು.

ಇಂಗ್ಲಿಷರ ದಾಖಲೆಗಳಲ್ಲಿ ಇದಕ್ಕೆ 'ಇನ್‌ಲ್ಯಾಂಡ್ ಕಸ್ಟಮ್ಸ್ ಲೈನ್' ಎಂದು ಹೆಸರು. ಒಳನಾಡಿನ ಸುಂಕದ ಗಡಿ ಎನ್ನೋಣ. ಒಂದೇ ದೇಶದ ಒಡಲಿನಲ್ಲಿ, ಒಂದೇ ದೊರೆತನದ ಕೆಳಗೆ, ಅಲ್ಲಿಯ ಪ್ರಜೆಗಳಿಗೂ ಇಲ್ಲಿಯ ಪ್ರಜೆಗಳಿಗೂ ನಡುವೆ ಎಳೆದ ಗಡಿ ಇದು. ಗಡಿ ಕಾಯುವ ಪಡೆ ಎಂದೊಡನೆ ಹಿಮದ ಬೆಟ್ಟ, ಮರುಭೂಮಿ, ಶತ್ರುವಿನ ಸೇನೆ ಇವು ನಮ್ಮ ಕಣ್ಣಮುಂದೆ ಬರುತ್ತವೆ. ಇದಕ್ಕೆ ಶತ್ರುವೇ ಇರಲಿಲ್ಲ. ತಲೆಯ ಮೇಲೆ ಗಂಟು ಹೊತ್ತು ಪಕ್ಕದ ಊರಿನ ಸಂತೆಗೆ ಹೊರಟವನೇ ಇದರ ಶತ್ರು. ಆದ್ದರಿಂದಲೇ, ಗಡಿ ಕಾಯುವವನಿಗೆ ಅಧಿಕಾರ ಕೊಟ್ಟ ಮೇಲೆ ಅವನು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆಯನ್ನು ವಿಚಾರಿಸಲು ಇದಕ್ಕಿಂತ ನಿಚ್ಚಳವಾದ ಉದಾಹರಣೆ ನಮ್ಮ ಇತಿಹಾಸದಲ್ಲಿ ನನಗೆ ಕಾಣದು.

ಸುಂಕವೇನೂ ನಮಗೆ ಹೊಸದಲ್ಲ. ಸುಂಕದಕಟ್ಟೆ ಎಂಬ ಊರುಗಳು ನಮ್ಮ ನಾಡಿನಲ್ಲಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬುವನೊಬ್ಬನಿದ್ದ. ಅವನ ಕಾಯಕವೇ ಸುಂಕ ವಸೂಲಿ, ವಚನಗಳಲ್ಲಿಯೂ ಅದೇ ಕಸಬಿನ ಪರಿಭಾಷೆ. ಸುಂಕದವನೂ ಶರಣನಾಗಬಹುದು ಎಂದು ನಂಬಿದ ಕಾಲ ಅದು. ಹಳೆಯ ಸುಂಕದ ಕಟ್ಟೆಯೆಂದರೆ ದಾರಿಯ ಮೇಲಿನ ಒಂದು ಠಾಣ್ಯ. ಗಾಡಿ ಬರುತ್ತದೆ, ಹೇರು ಎಣಿಸುತ್ತಾರೆ, ಚೌಕಾಸಿ ನಡೆಯುತ್ತದೆ, ಗಾಡಿ ಹೋಗುತ್ತದೆ. ದಾರಿ ಬಿಟ್ಟು ಹೊಲದ ಬದುವಿನ ಮೇಲೆ ನಡೆದುಹೋಗುವ ಬಡಪಾಯಿಯನ್ನು ಕೇಳುವವರಿಲ್ಲ. ದಾರಿಯನ್ನಷ್ಟೇ ಅಲ್ಲ, ಬದುವನ್ನೂ ಕಟ್ಟಬೇಕು ಎಂಬ ಯೋಚನೆ ಬಂದದ್ದು ಕಂಪೆನಿ ಸರಕಾರಕ್ಕೆ.

1757ರ ಪ್ಲಾಸಿ ಕದನದ ಮೇಲೆ ಬಂಗಾಳ ಕಂಪೆನಿಯ ಕೈಗೆ ಬಂತು. ಬಂಗಾಳದ ಉಪ್ಪಿನಲ್ಲಿ ಎಷ್ಟು ಹಣವಿದೆಯೆಂಬುದು ಕಂಪೆನಿಯ ನೌಕರರಿಗೆ ಬಲುಬೇಗ ತಿಳಿಯಿತು. ಮೊದಲು ಅವರೇ ಅದರ ವ್ಯಾಪಾರಕ್ಕೆ ಇಳಿದರು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಅದನ್ನು ಕಂಪೆನಿಯ ಹಿಡಿತಕ್ಕೆ ತಂದ. ಅಲ್ಲಿಂದ ಮುಂದೆ ಬಂಗಾಳದ ಉಪ್ಪಿನ ಬೆಲೆಯಲ್ಲಿ ಉಪ್ಪಿನ ಪಾಲು ಕಡಮೆ, ತೆರಿಗೆಯ ಪಾಲು ಹೆಚ್ಚು. ಆದರೆ ಪಡುವಣಕ್ಕೆ ಹೋದರೆ ರಾಜಪುತಾನದ ಸಾಂಭರ್ ಸರೋವರವಿದೆ. ಬಿಸಿಲು ಬಿದ್ದರೆ ಸಾಕು, ಉಪ್ಪು ತಾನಾಗಿ ಹೆಪ್ಪುಗಟ್ಟುತ್ತದೆ. ಅದು ದೇಶೀಯ ಅರಸರ ಸೊತ್ತು. ದಕ್ಷಿಣದಲ್ಲಿ ಮದರಾಸು, ಮುಂಬಯಿ ಪ್ರಾಂತಗಳ ಕಡಲ ಉಪ್ಪಿದೆ. ಅದಕ್ಕೆ ಅಲ್ಲಿ ತೆರಿಗೆ ಕಡಮೆ. ಒಂದು ಕಡೆ ಅಗ್ಗ, ಇನ್ನೊಂದು ಕಡೆ ತುಟ್ಟಿ ಎಂದಾದರೆ ಸರಕು ಹರಿಯುವುದು ನೀರು ಹರಿದಷ್ಟೇ ಸಹಜ. ಆ ಹರಿವಿಗೆ ಒಡ್ಡು ಕಟ್ಟುವುದೇ ಈ ಗಡಿಯ ಉದ್ದೇಶ.

1803ರಲ್ಲಿ ಬಂಗಾಳದ ದೊಡ್ಡ ದಾರಿಗಳ ಮೇಲೆ, ನದಿಗಳ ಮೇಲೆ ಸುಂಕದ ಚೌಕಿಗಳು ಎದ್ದವು. 1823ರಲ್ಲಿ ಆಗ್ರಾದ ಸುಂಕಾಧಿಕಾರಿ ಸಾಂಡರ್ಸ್ ಎಂಬುವನು ಮಿರ್ಜಾಪುರದಿಂದ ಅಲಹಾಬಾದಿನವರೆಗೆ ನದೀತೀರದಲ್ಲಿ ಚೌಕಿಗಳ ಸಾಲನ್ನು ಹೂಡಿದ. 1834ರಿಂದ ಇಪ್ಪತ್ತು ವರ್ಷ ಈ ಇಲಾಖೆಯನ್ನು ನಡೆಸಿದ ಸ್ಮಿತ್ ಎಂಬ ಅಧಿಕಾರಿ ಹೊಗೆಸೊಪ್ಪು, ಕಬ್ಬಿಣ ಮುಂತಾದ ಸಣ್ಣಪುಟ್ಟ ಸುಂಕಗಳನ್ನೆಲ್ಲ ಕೈಬಿಟ್ಟು ಉಪ್ಪೊಂದನ್ನೇ ಬಿಗಿಯಾಗಿ ಹಿಡಿದುಕೊಂಡ. ಅವನ ಕೈಕೆಳಗೆ 6,600 ಆಳುಗಳು.

ಅದೇ 1834ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಚಾರ್ಲ್ಸ್ ಟ್ರೆವೆಲ್ಯನ್ ಎಂಬ ತರುಣ ಅಧಿಕಾರಿ ಬಂಗಾಳ ಪ್ರಾಂತದ ಒಳನಾಡಿನ ಸುಂಕಗಳ ಮೇಲೆ ಒಂದು ವರದಿ ಬರೆದ. (ನಮಗೆ ಇಂಗ್ಲಿಷ್ ವಿದ್ಯೆಯನ್ನು ಹೊರಿಸಿದ ಮೆಕಾಲೆಯ ತಂಗಿಯ ಗಂಡ ಈತ.) ದಾರಿಯುದ್ದಕ್ಕೂ ಚೌಕಿಗಳು, ಚೌಕಿಯಲ್ಲಿ ಅಲ್ಪ ಸಂಬಳದ ನೌಕರರು, ಅವರಿಗೆ ಯಾರನ್ನಾದರೂ ತಡೆಯುವ, ಗಂಟು ಬಿಚ್ಚಿಸಿ ನೋಡುವ ಹಕ್ಕು. ಇಷ್ಟು ಸೇರಿದರೆ ಏನಾಗುತ್ತದೆ ಎಂಬುದನ್ನು ಅವನು ಮುಚ್ಚುಮರೆಯಿಲ್ಲದೆ ತೋರಿಸಿದ. ಸರಕಾರಕ್ಕೆ ಬರುವ ಸುಂಕಕ್ಕಿಂತ ತಡೆದು ನಿಲ್ಲಿಸುವ ಹೆದರಿಕೆಗೆ ವ್ಯಾಪಾರಿ ತೆರುವ ಕಾಣಿಕೆಯೇ ಭಾರವಾಗಿತ್ತು. ನೌಕರನಿಗೆ ನ್ಯಾಯದ ಸಂಬಳ ಕೊಡದೆ ಅಧಿಕಾರ ಮಾತ್ರ ಕೊಟ್ಟರೆ ಉಳಿದದ್ದನ್ನು ಅವನು ದಾರಿಹೋಕರಿಂದ ಸಂಪಾದಿಸಿಕೊಳ್ಳುತ್ತಾನೆ. ವರದಿ ಸರಕಾರದ ಮನಸ್ಸಿಗೆ ನಾಟಿತು. 1836ರಲ್ಲಿ ಬಂಗಾಳದ ಒಳನಾಡ ಸುಂಕಗಳು ರದ್ದಾದವು.

ಉಪ್ಪಿನ ಗಡಿಯೊಂದನ್ನು ಮಾತ್ರ ಉಳಿಸಿಕೊಂಡರು. ಅದೇ ವರ್ಷ ಬಂಗಾಳದಲ್ಲಿ ಉಪ್ಪಿನ ತೆರಿಗೆ ಮಣಕ್ಕೆ ಮೂರೂಕಾಲು ರೂಪಾಯಿ ಎಂದು ಗೊತ್ತಾಯಿತು. (ಇದು ನಮ್ಮ ಮೈಸೂರು ಸೀಮೆಯ ಚಿಕ್ಕ ಮಣವಲ್ಲ, ಬಂಗಾಳದ ಮಣ; ಇಂದಿನ ಲೆಕ್ಕದಲ್ಲಿ ಸುಮಾರು 37 ಕಿಲೊ.) ತಡೆಯುವ ಹಕ್ಕು, ಶೋಧಿಸುವ ಹಕ್ಕು, ಅಲ್ಪ ಸಂಬಳ, ಇವುಗಳಿಂದ ಬರುವ ಕೇಡು ಕಲ್ಕತ್ತೆಯ ಮೇಜಿನ ಮೇಲೆ ಅಚ್ಚಾಗಿ ಬಿದ್ದಿತ್ತು. ತಿಳಿಯದೆ ಮಾಡಿದ ತಪ್ಪು ಬೇರೆ, ತಿಳಿದೂ ಮಾಡಿದ ಏರ್ಪಾಡು ಬೇರೆ. ಇತಿಹಾಸಕಾರರು ಈ ವ್ಯತ್ಯಾಸದ ಮೇಲೆ ಇನ್ನಷ್ಟು ಒತ್ತು ಕೊಡಬೇಕಾಗಿತ್ತೆಂದು ನನಗೆ ತೋರುತ್ತದೆ.

ಕಂಪೆನಿ ಹೋಗಿ ರಾಣಿಯ ಆಳ್ವಿಕೆ ಬಂದ ಮೇಲೆ ಗಡಿ ಸಡಿಲವಾಗಲಿಲ್ಲ, ಬಿಗಿಯಾಯಿತು. 1869ರಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿದ್ದ ತುಂಡುಗಳನ್ನೆಲ್ಲ ಹೊಂದಿಸಿ ಒಂದೇ ಎಳೆಯಾಗಿಸಲು ಅಪ್ಪಣೆಯಾಯಿತು. ಹಿಮಾಲಯದ ಬುಡದಿಂದ ಒರಿಸ್ಸದವರೆಗೆ ಅದರ ಉದ್ದ 2,504 ಮೈಲಿ. ಸಿಂಧೂ ನದಿಯನ್ನು ಹಿಡಿದು ಮುಲ್ತಾನಿಗೆ ಬಂದು, ಅಲ್ಲಿಂದ ಹಿಸ್ಸಾರ್, ದಿಲ್ಲಿ, ಆಗ್ರಾ, ಝಾನ್ಸಿಗಳ ಕಡೆಯಿಂದ ಹಾದು ಬುರ್ಹಾನ್‌ಪುರದ ದಕ್ಷಿಣಕ್ಕೆ ಇಳಿದು, ಮತ್ತೆ ಮೂಡಣಕ್ಕೆ ಹೊರಳುತ್ತಿತ್ತು. ಮುಲ್ತಾನಿನಿಂದ ಬುರ್ಹಾನ್‌ಪುರದವರೆಗಿನ ಸುಮಾರು 1,400 ಮೈಲಿಗಳಲ್ಲಿ ಕಾವಲು ಅತ್ಯಂತ ಬಿಗಿ. 1869–70ರಲ್ಲಿ ಈ ಗಡಿಯ ಮೇಲೆ 1,727 ಚೌಕಿಗಳಿದ್ದವು. ಆ ಒಂದೇ ವರ್ಷ ಉಪ್ಪಿನಿಂದ ಒಂದು ಕೋಟಿ ಇಪ್ಪತ್ತೈದು ಲಕ್ಷ ರೂಪಾಯಿ, ಆಚೆಗೆ ಹೋಗುವ ಸಕ್ಕರೆಯಿಂದ ಹತ್ತು ಲಕ್ಷ ಬಂತು. ಕಾವಲಿನ ಖರ್ಚು ಹದಿನಾರು ಲಕ್ಷ ಚಿಲ್ಲರೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಒಳ್ಳೆಯ ವ್ಯಾಪಾರವೇ ಸರಿ.

ಏರ್ಪಾಡು ಹೀಗೆ: ಎತ್ತರಿಸಿದ ಒಂದು ಕಾಲುದಾರಿ, ಅದರ ಮೇಲೆ ಮೈಲಿಗೊಂದರಂತೆ ಠಾಣ್ಯ, ಜನ ದಾಟುವುದಕ್ಕೆ ನಾಲ್ಕು ಮೈಲಿಗೊಂದು ಬಾಗಿಲು. ಪ್ರತಿ ಠಾಣ್ಯಕ್ಕೆ ಒಬ್ಬ ಜಮಾದಾರ, ಅವನ ಕೆಳಗೆ ಹತ್ತು ಆಳು. ಎರಡು ಮೂರು ಮೈಲಿ ಹಿಂದೆ ಇನ್ನೊಂದು ಪಹರೆ. ಮುಂದಿನವರ ಕಣ್ಣು ತಪ್ಪಿಸಿ ಬಂದವನು ಹಿಂದಿನವರ ಕೈಗೆ ಸಿಗಬೇಕು. ಇಷ್ಟೇ ಅಲ್ಲ. ಗೆರೆಯಿಂದ ಹತ್ತು ಹದಿನೈದು ಮೈಲಿಗಳವರೆಗಿನ ನೆಲವೆಲ್ಲ ಸುಂಕದ ಇಲಾಖೆಯ ಪಾರುಪತ್ಯಕ್ಕೆ ಸೇರಿದ್ದು. ಗಡಿಯನ್ನು ನಾವು ಗೆರೆಯೆಂದು ಎಣಿಸುತ್ತೇವೆ; ಅಲ್ಲಿ ಬದುಕುವವರ ಪಾಲಿಗೆ ಅದೊಂದು ಸೀಮೆ. ಗಡಿಯನ್ನು ಎಂದೂ ದಾಟದವನೂ ತನ್ನ ಮನೆಯ ಅಡಿಗೆಯ ಉಪ್ಪಿಗೆ ಉತ್ತರ ಹೇಳಬೇಕಾದ ಸೀಮೆ.

ಬೇಲಿಯ ಮಾತಿಗೆ ಬರೋಣ. ಮೊದಲಿದ್ದದ್ದು ಒಣ ಬೇಲಿ: ಎಲಚಿಯ ಮುಳ್ಳುಕೊಂಪೆಗಳನ್ನು ಕಡಿದು ತಂದು ಗೂಟ ಬಡಿದು ಒಟ್ಟಿದ್ದು. ನಮ್ಮ ರೈತನೂ ಕಣಕ್ಕೆ, ಹಿತ್ತಲಿಗೆ ಹೀಗೆಯೇ ಮುಳ್ಳು ಒಟ್ಟುತ್ತಾನೆ. ಅದು ಎಷ್ಟು ದಿನ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತು. ಗೆದ್ದಲು, ಇಲಿ, ಬೆಂಕಿ, ಬಿರುಗಾಳಿ ಎಲ್ಲವೂ ಅದಕ್ಕೆ ಹಗೆ. ಒಂದು ಮೈಲಿ ಒಣ ಬೇಲಿಗೆ 250 ಟನ್ ಮುಳ್ಳು ಬೇಕಾಗುತ್ತದೆಂದು ಲೆಕ್ಕ ಹಾಕಿದವನು 1867ರಿಂದ 1870ರವರೆಗೆ ಈ ಇಲಾಖೆಯ ಕಮಿಷನರಾಗಿದ್ದ ಅಲನ್ ಆಕ್ಟೇವಿಯನ್ ಹ್ಯೂಮ್. ಓದುಗರು ಹೆಸರನ್ನು ಸರಿಯಾಗಿಯೇ ಓದಿದ್ದಾರೆ. 1885ರಲ್ಲಿ ಕಾಂಗ್ರೆಸ್ಸಿನ ಹುಟ್ಟಿಗೆ ಕಾರಣರಾದವರಲ್ಲಿ ಮುಖ್ಯರೆಂದು ನಾವು ಸ್ಮರಿಸುವ ಹ್ಯೂಮರೇ ಇವರು. ಹಕ್ಕಿಗಳ ಶಾಸ್ತ್ರದಲ್ಲಿಯೂ ದೊಡ್ಡ ಹೆಸರು.

ಹಕ್ಕಿಗಳ ಮೇಲೆ ಇಟ್ಟ ಶ್ರದ್ಧೆಯನ್ನೇ ಹ್ಯೂಮರು ಬೇಲಿಯ ಮೇಲೂ ಇಟ್ಟರು. ಒಣ ಬೇಲಿಗೆ ಬದಲು ಹಸಿ ಬೇಲಿ ಬೆಳೆಸಬೇಕು, ಅದನ್ನು ಮನುಷ್ಯನಾಗಲಿ ಮೃಗವಾಗಲಿ ನುಸುಳಬಾರದು ಎಂಬುದು ಅವರ ಹಟ. ಯಾವ ಮಣ್ಣಿಗೆ ಯಾವ ಗಿಡ ಹಿಡಿಯುತ್ತದೆಂದು ಪರೀಕ್ಷಿಸಿದರು. ಕರಿಜಾಲಿ, ಎಲಚಿ, ಕವಳೆ, ಪಾಪಾಸುಕಳ್ಳಿ, ಹಾಲುಗಳ್ಳಿ, ನಡುವೆ ಹೆಣೆದುಕೊಳ್ಳಲು ಗಜ್ಜುಗದ ಬಳ್ಳಿ. ಎಲ್ಲ ನಮ್ಮ ಹೊಲಗಳ ಬದುವಿನಲ್ಲಿ ಕಾಣುವ ಗಿಡಗಳೇ. ಮಣ್ಣು ಕೆಟ್ಟಿದ್ದ ಕಡೆ ಬೇರೆ ಮಣ್ಣು ತಂದು ಸುರಿದರು, ನೀರಿಲ್ಲದ ಕಡೆ ಬಾವಿ ತೋಡಿದರು, ನೆರೆ ಬರುವ ಕಡೆ ಏರಿ ಕಟ್ಟಿದರು. ಚೆನ್ನಾಗಿ ಬೆಳೆದ ಕಡೆ ಬೇಲಿ ಎಂಟು ಅಡಿಯಿಂದ ಹನ್ನೆರಡು ಅಡಿ ಎತ್ತರ. ದಪ್ಪ ಕೆಲವೆಡೆ ಹದಿನಾಲ್ಕು ಅಡಿ. 1877–78ರಲ್ಲಿ ಹಸಿಯದು, ಒಣದು, ಅರೆಬರೆಯದು, ಅಲ್ಲಲ್ಲಿ ಕಲ್ಲಿನ ಗೋಡೆ ಎಲ್ಲ ಸೇರಿ ಬೇಲಿಯ ಉದ್ದ 1,500 ಮೈಲಿಗಳಿಗೂ ಮಿಕ್ಕಿತ್ತು. ಅದರಲ್ಲಿ ಕುಂದಿಲ್ಲದ ಹಸಿ ಬೇಲಿಯೇ 411 ಮೈಲಿಗಿಂತ ಹೆಚ್ಚು. ಇಂಗ್ಲಿಷರಲ್ಲಿಯೇ ಕೆಲವರು ಇದನ್ನು ಚೀನದ ಮಹಾಗೋಡೆಗೆ ಹೋಲಿಸಿದರು.

ಹ್ಯೂಮರನ್ನು ಆಷಾಢಭೂತಿಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. 1857ರ ಗಲಭೆಗೆ ಮೊದಲೂ ಆಮೇಲೂ ಇಟಾವಾ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆಸಿದ ಅಧಿಕಾರಿ ಅವರು. ಜನರ ಮೇಲೆ ಅವರಿಗಿದ್ದ ಕಳಕಳಿ ಸೋಗಲ್ಲ. ಆದರೆ ಇಲಾಖೆಯ ಕುರ್ಚಿಯ ಮೇಲೆ ಕುಳಿತವನಿಗೆ ಇಲಾಖೆ ಕೇಳುವ ಪ್ರಶ್ನೆಯೊಂದೇ: ಬೇಲಿ ಭದ್ರವಾಗಿದೆಯೆ? ಬೇಲಿ ಇರಬೇಕೆ ಎಂದು ಯಾವ ವಾರ್ಷಿಕ ವರದಿಯೂ ಕೇಳುವುದಿಲ್ಲ. ಒಳ್ಳೆಯವನೊಬ್ಬ ಕೆಟ್ಟ ಕೆಲಸವನ್ನು ಒಳ್ಳೆಯದಾಗಿ ಮಾಡಿದ ಉದಾಹರಣೆ ಇದು. ಇಂಥವರಿಂದಲೇ ಅಂಥ ಏರ್ಪಾಡುಗಳು ಬಾಳುತ್ತವೆ.

ಇನ್ನು ಬೇಲಿಯ ಕೆಳಗೆ ನಿಂತವರು. 1872ರಲ್ಲಿ ಎಲ್ಲ ದರ್ಜೆಯವರೂ ಸೇರಿ 14,188 ಮಂದಿ ಈ ಇಲಾಖೆಯಲ್ಲಿದ್ದರು. ಇಂಗ್ಲಿಷ್ ಅಧಿಕಾರಿಗಳು ನೂರಕ್ಕೆ ಒಬ್ಬರಂತೆ, ಉಳಿದವರೆಲ್ಲ ನಮ್ಮವರೇ. ಆಳಿಗೆ ತಿಂಗಳಿಗೆ ಐದು ರೂಪಾಯಿ. ಹೊಲದ ಕೂಲಿ ಮೂರು ರೂಪಾಯಿ ಇದ್ದ ಕಾಲದಲ್ಲಿ ಅದು ಆಸೆ ಹುಟ್ಟಿಸುವ ಸಂಬಳವೇ. ಅದರ ಮೇಲೆ ಹಿಡಿದ ಉಪ್ಪಿನ ಮಾರಾಟದಿಂದ ಬರುವ ಇನಾಮು. ಈ ಇನಾಮಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಹನ್ನೆರಡು ಗಂಟೆಗಳ ದುಡಿಮೆ, ಅರ್ಧ ಹಗಲು ಅರ್ಧ ರಾತ್ರಿ. ಸ್ವಂತ ಊರಿನಲ್ಲಿ ಕೆಲಸ ಕೊಡುತ್ತಿರಲಿಲ್ಲ. ವಸತಿಯಿಲ್ಲ, ಮಣ್ಣು ಕಲಸಿ, ಮರ ತಂದು ತಾನೇ ಗುಡಿಸಲು ಹಾಕಿಕೊಳ್ಳಬೇಕು. 1868ರವರೆಗೆ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲೂ ಅಪ್ಪಣೆಯಿರಲಿಲ್ಲ. ಆಮೇಲೆ ಕೊಟ್ಟದ್ದೂ ಕರುಣೆಯಿಂದಲ್ಲ, ಆಳುಗಳು ಠಾಣ್ಯ ಬಿಟ್ಟು ಹತ್ತಿರದ ಊರಿನ ಹೆಂಗಸರ ಸಹವಾಸಕ್ಕೆ ಬೀಳುತ್ತಾರೆಂದು. 1869 ಒಂದೇ ವರ್ಷದಲ್ಲಿ ಇವರೆಲ್ಲ ಸೇರಿ ಪಹರೆಯಲ್ಲಿ ನಡೆದದ್ದು ಒಂದು ಕೋಟಿ ಎಂಬತ್ತು ಲಕ್ಷ ಮೈಲಿ, ಅಗೆದ ಮಣ್ಣು ಇಪ್ಪತ್ತು ಲಕ್ಷ ಘನ ಅಡಿ, ಹೊತ್ತ ಮುಳ್ಳು ಒಂದೂವರೆ ಲಕ್ಷ ಟನ್. 1876–77ರಲ್ಲಿ ಇಲಾಖೆಯನ್ನು ಬಿಟ್ಟವರು ಎಂಟು ನೂರಕ್ಕೂ ಹೆಚ್ಚು ಮಂದಿ: 276 ಜನರನ್ನು ಕೆಲಸದಿಂದ ತೆಗೆದುಹಾಕಿದರು, ರಜೆಯ ಮೇಲೆ ಹೋದವರಲ್ಲಿ 360 ಜನ ಹಿಂದಿರುಗಲೇ ಇಲ್ಲ, 30 ಜನ ಓಡಿಹೋದರು, 23 ಜನ ಅಶಕ್ತರೆಂದು ಹೊರಬಿದ್ದರು, ಬೇಲಿಯ ಬುಡದಲ್ಲಿಯೇ ಸತ್ತವರು 115. ಕಾವಲುಗಾರನನ್ನು ದೂರುವ ಮೊದಲು ಈ ಅಂಕಿಗಳನ್ನು ಒಮ್ಮೆ ಓದುವುದು ನ್ಯಾಯ. ಹೊಲ ಮೇಯ್ದ ಬೇಲಿಯ ಒಂದೊಂದು ಮುಳ್ಳೂ ಹೊಲದಿಂದಲೇ ಬಂದದ್ದು.

ಹಾಗೆಂದು ಅವರು ಮಾಡಿದ್ದನ್ನು ಮರೆಯುವಂತಿಲ್ಲ. ಒಂಟೆಗಳ, ದನಗಳ ಮಂದೆಗೆ ಉಪ್ಪು ಹೇರಿ ಬೇಲಿಯನ್ನು ನುಗ್ಗಿ ದಾಟಿಸುವ ಶಸ್ತ್ರಧಾರಿಗಳ ತಂಡಗಳಿದ್ದವು. ಬೇಲಿಯ ಮೇಲಿಂದ ಮೂಟೆ ಎಸೆಯುವವರಿದ್ದರು. ಅವರ ಜೊತೆಯಲ್ಲಿಯೇ ಕಾವಲುಗಾರನ ಕೈ ಬೆಚ್ಚಗೆ ಮಾಡಿ ಹಗಲಲ್ಲೇ ಬಾಗಿಲಿನಿಂದ ಹೋಗುವವರೂ ಇದ್ದರು. ಕೈಯಲ್ಲಿ ಕಾಸಿಲ್ಲದವನ ಮೇಲೆ ಸುಳ್ಳು ಕಳವಿನ ಆಪಾದನೆ ಹೊರಿಸುವುದೂ ನಡೆಯುತ್ತಿತ್ತು. ಕಳ್ಳಸಾಗಣೆಯ ಅಪರಾಧಕ್ಕೆ 1873–74ರಲ್ಲಿ ಸಿಕ್ಕಿಬಿದ್ದವರು 3,271 ಜನ. 1877–78ರಲ್ಲಿ ಶಿಕ್ಷೆಯಾದವರೇ 6,077. ಈ ಏರಿಕೆಯನ್ನು ಇಲಾಖೆ ತನ್ನ ಚುರುಕಿಗೆ ಸಾಕ್ಷಿಯೆಂದು ಓದಬಹುದು. ಹಿಡಿದವನಿಗೆ ಇನಾಮು ಸಿಗುವ ಕಡೆ ಹಿಡಿಯುವುದು ಹೆಚ್ಚುತ್ತದೆಂದೂ ಓದಬಹುದು. ಅದೇ ವರ್ಷಗಳಲ್ಲಿ ಬರ ಬಿದ್ದಿತ್ತೆಂಬುದನ್ನೂ ಸೇರಿಸಿ ಓದಬೇಕು. 1877ರ ಸೆಪ್ಟೆಂಬರಿನಲ್ಲಿ 112 ಮಂದಿ ಉಪ್ಪು ಸಾಗಿಸುವವರನ್ನು ಇಬ್ಬರೇ ಕಾವಲುಗಾರರು ತಡೆಯಹೋಗಿ ಇಬ್ಬರೂ ಕೊಲೆಯಾದರು. ಆ 112ರಲ್ಲಿ ಅನೇಕರು ಆಮೇಲೆ ಸಿಕ್ಕಿಬಿದ್ದು ಸೆರೆಮನೆಗೆ, ಕೆಲವರು ಕಡಲಾಚೆಗೆ ಹೋದರು. ಎರಡು ಕಡೆಯವರೂ ಬಡವರು; ಜಗಳ ಉಪ್ಪಿನದು.

ಈಗ ಲೆಕ್ಕದ ಮಾತು. ಮೇಲೆ ಕೊಟ್ಟ ಅಂಕಿಗಳನ್ನು ಓದುಗರು ಮತ್ತೊಮ್ಮೆ ನೋಡಲಿ. ಮುಳ್ಳಿನ ಟನ್ನು, ಮಣ್ಣಿನ ಘನ ಅಡಿ, ನಡೆದ ಮೈಲಿ, ಓಡಿಹೋದ ಆಳು, ಹಿಡಿದ ಕಳ್ಳ, ಬಂದ ರೂಪಾಯಿ: ಇಷ್ಟನ್ನೂ ಇಲಾಖೆ ವರ್ಷವರ್ಷವೂ ತಪ್ಪದೆ ಬರೆದಿಟ್ಟಿತು. ಲೆಕ್ಕ ಕೊಡದ ಇಲಾಖೆಯೆಂದು ಅದನ್ನು ಯಾರೂ ಆಕ್ಷೇಪಿಸಲಾರರು. ಠಾಣ್ಯ ಜಮಾದಾರನಿಗೆ, ಜಮಾದಾರ ತನ್ನ ಮೇಲಿದ್ದ ಇಂಗ್ಲಿಷ್ ತರುಣನಿಗೆ, ಅವನು ಕಮಿಷನರಿಗೆ, ಕಮಿಷನರು ಕಲ್ಕತ್ತೆಗೆ. ಏಣಿ ಗಟ್ಟಿಯಾಗಿಯೇ ಇತ್ತು. ಆದರೆ ಅದಕ್ಕೆ ಮೇಲಕ್ಕೆ ಹೋಗುವ ಮೆಟ್ಟಿಲುಗಳು ಮಾತ್ರ. ತಡೆದು ನಿಲ್ಲಿಸಿದವರಲ್ಲಿ ಏನೂ ಸಿಗದೆ ಬಿಟ್ಟುಕಳಿಸಿದವರು ಎಷ್ಟು ಜನ, ಬಾಗಿಲಿನಲ್ಲಿ ಎಷ್ಟು ಹೊತ್ತು ಕಾದರು, ಎಷ್ಟು ಕೊಟ್ಟು ಪಾರಾದರು, ಈ ಅಂಕಣಗಳು ಆ ಲೆಕ್ಕದಲ್ಲಿ ಮುಖ್ಯವಾಗಲಿಲ್ಲ. ಬೇಲಿಯ ಒಳಗಿನವನು ವರ್ಷಕ್ಕೆ ತಿನ್ನುತ್ತಿದ್ದ ಉಪ್ಪು ಸರಾಸರಿ ಎಂಟು ಪೌಂಡು, ಹೊರಗಿನವನು ಹದಿನಾರು ಪೌಂಡಿನವರೆಗೆ. ಈ ಒಂದು ಅಂಕಿಯೊಳಗೆ ಎಷ್ಟು ಸಪ್ಪೆ ಅಂಬಲಿ, ಉಪ್ಪು ನೆಕ್ಕಲು ಸಿಗದೆ ಬಡವಾದ ಎಷ್ಟು ದನಕರು ಅಡಗಿವೆಯೋ ಬಲ್ಲವರಾರು! ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸುಂಕದವನು ಕೆಟ್ಟವನೆಂದಲ್ಲ, ಅದನ್ನು ಬರೆದುಕೊಳ್ಳುವ ಅಂಕಣ ಅವನ ಪುಸ್ತಕದಲ್ಲಿಲ್ಲ.

ಈ ಬೇಲಿ ಬಿದ್ದದ್ದಾದರೂ ಹೇಗೆ? ತಡೆಯಿಸಿಕೊಂಡವರ ಗೋಳು ಕೇಳಿಯಲ್ಲ. ಉಪ್ಪನ್ನು ಬೇಲಿಯಲ್ಲಿ ತಡೆಯುವುದಕ್ಕಿಂತ ಹುಟ್ಟುವ ಕಡೆಯೇ ಹಿಡಿದರೆ ಖರ್ಚು ಕಡಮೆ ಎಂದು ಸರಕಾರಕ್ಕೆ ಹೊಳೆಯಿತು. 1869–70ರಲ್ಲಿ ಮೇಯೋ ಪ್ರಭುವಿನ ಕಾಲದಲ್ಲಿ ಜಯಪುರ, ಜೋಧಪುರದ ಅರಸರೊಡನೆ ಒಪ್ಪಂದವಾಗಿ ಸಾಂಭರ್ ಸರೋವರ ಗುತ್ತಿಗೆಗೆ ಬಂತು. ಲಿಟನ್ನನ ಕಾಲಕ್ಕೆ ರಾಜಪುತಾನದ ಉಳಿದ ಉಪ್ಪಿನ ನೆಲೆಗಳೂ ಬಂದವು. ಇನ್ನು ಉಳಿದದ್ದು ದಕ್ಷಿಣದ ಅಗ್ಗದ ಉಪ್ಪು. ಎರಡು ಕಡೆಯ ತೆರಿಗೆಯನ್ನೂ ಹತ್ತಿರ ಹತ್ತಿರ ತಂದರೆ ಬೇಲಿ ಬೇಕಾಗುವುದಿಲ್ಲ. ಹಣಕಾಸಿನ ಸದಸ್ಯನಾಗಿದ್ದ ಜಾನ್ ಸ್ಟ್ರೇಚಿ ಈ ಲೆಕ್ಕ ಬಿಡಿಸಿದ. ಆಮೇಲೆ ಬರೆದ ಪುಸ್ತಕದಲ್ಲಿ ಈ ಬೇಲಿಯ ಏರ್ಪಾಡನ್ನು ರಾಕ್ಷಸೀಯವೆಂದೇ ಕರೆದವನೂ ಅವನೇ. ನಾಗರಿಕವೆನಿಸಿಕೊಂಡ ಯಾವ ದೇಶದಲ್ಲಿಯೂ ಇಂಥದು ಸಿಗಲಾರದೆಂದು ಅವನ ಅಭಿಪ್ರಾಯ.

ಬಿಡಿಸಿದ ಲೆಕ್ಕದ ಬಾಕಿಯನ್ನು ತೆತ್ತವರು ಯಾರು? 1877ರ ಕೊನೆಯಲ್ಲಿ ಉತ್ತರದ ತೆರಿಗೆ ಸ್ವಲ್ಪ ಇಳಿಯಿತು. ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಮಣಕ್ಕೆ ಒಂದು ರೂಪಾಯಿ ಹದಿಮೂರಾಣೆ ಇದ್ದದ್ದು ಎರಡೂವರೆ ರೂಪಾಯಿಗೆ ಏರಿತು. ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಏರಿಕೆ. ಇಸವಿಯನ್ನು ಗಮನಿಸಬೇಕು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ತಲೆಮಾರುಗಳವರೆಗೆ ನಡುಗುತ್ತ ನೆನೆದ ಬರದ ವರ್ಷ ಅದು. ಮೈಸೂರು ಸಂಸ್ಥಾನ ಆಗ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಅಲ್ಲಿದ್ದವರು 50 ಲಕ್ಷ 55 ಸಾವಿರ. 1881ರ ಗಣತಿಗೆ ಉಳಿದವರು 41 ಲಕ್ಷ 86 ಸಾವಿರ. ನಮ್ಮ ಒಳನಾಡಿಗೆ ಕಡಲ ಉಪ್ಪು ಬರುತ್ತಿದ್ದದ್ದು ಈ ಎರಡು ಪ್ರಾಂತಗಳ ಕರಾವಳಿಯಿಂದ; ಹೆಚ್ಚಿದ ತೆರಿಗೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಅದು ಘಟ್ಟ ಹತ್ತಿತು. ದಿಲ್ಲಿ ಆಗ್ರಾಗಳ ಹತ್ತಿರದ ಬೇಲಿಯೊಂದನ್ನು ಕೀಳಲು, ಆ ಬೇಲಿಯ ಹೆಸರನ್ನೂ ಕೇಳದಿದ್ದ ಕೋಲಾರ, ತುಮಕೂರು, ಬಳ್ಳಾರಿ, ಧಾರವಾಡದ ಜನ, ಅದೂ ಗಂಜಿ ಕೇಂದ್ರಗಳ ಮುಂದೆ ಸಾಲು ನಿಂತ ದಿನಗಳಲ್ಲಿ, ಉಪ್ಪಿಗೆ ಹೆಚ್ಚು ಕೊಟ್ಟರು. ಈ ಸಂಬಂಧವನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಕಂಡಿಲ್ಲ. 1882ರಲ್ಲಿ ರಿಪ್ಪನ್ನನ ಕಾಲಕ್ಕೆ ಎಲ್ಲೆಡೆಗೂ ಒಂದೇ ಎಂದು ಎರಡು ರೂಪಾಯಿ ಗೊತ್ತಾದಾಗಲೂ ದಕ್ಷಿಣದವನಿಗೆ ಅದು ಹಳೆಯ ದರಕ್ಕಿಂತ ಮೂರಾಣೆ ಹೆಚ್ಚೇ ಆಗಿತ್ತು.

1879ರ ಏಪ್ರಿಲ್ 1ರಂದು ಗಡಿಯನ್ನು ಎತ್ತಿದರು. ಸಿಂಧೂ ತೀರದ ಒಂದು ಭಾಗ ಮಾತ್ರ ಇನ್ನಷ್ಟು ಕಾಲ ಉಳಿಯಿತು. ನಲವತ್ತೈದು ವರ್ಷಗಳ ಹಿಂದೆ ಟ್ರೆವೆಲ್ಯನ್ ಬರೆದಿಟ್ಟ ಮಾತಿಗೆ ಆ ದಿನವೂ ಯಾರೂ ಉತ್ತರ ಕೊಡಲಿಲ್ಲ. ಸುಳ್ಳು ಆಪಾದನೆಯಲ್ಲಿ ಸೆರೆಮನೆ ಕಂಡವನಿಗೆ ಪರಿಹಾರವಾಗಲಿ, ಲಂಚದ ಬಗ್ಗೆ ಒಂದು ವಿಚಾರಣೆಯಾಗಲಿ ಆ ಬೇಲಿಯ ಕಥೆಯ ಕೊನೆಯಲ್ಲಿ ಬರುವುದಿಲ್ಲ. ಲಾಭವಿಲ್ಲವೆಂದು ಅಂಗಡಿ ಮುಚ್ಚಿದಂತೆ ಮುಚ್ಚಿದರು, ಅಷ್ಟೆ.

ಸ್ವತಂತ್ರ ಭಾರತದ ಗಡಿ ಭದ್ರತಾ ಪಡೆಯನ್ನು ಆ ಉಪ್ಪಿನ ಪಹರೆಯೊಡನೆ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. 1965ರ ಏಪ್ರಿಲ್‌ನಲ್ಲಿ ಕಚ್ಛದ ರಣದಲ್ಲಿ ನಮ್ಮ ಠಾಣ್ಯಗಳ ಮೇಲೆ ಪಾಕಿಸ್ತಾನದ ದಾಳಿಯಾದಾಗ, ರಾಜ್ಯಗಳ ಪೊಲೀಸರಿಂದ ಗಡಿ ಕಾಯಿಸುವುದು ಸಾಲದೆಂದು ಅರಿವಾಗಿ, ಅದೇ ವರ್ಷ ಡಿಸೆಂಬರ್ 1ರಂದು ಹುಟ್ಟಿದ ಪಡೆ ಅದು. ಅದು ಕಾಯುವುದು ದೇಶವನ್ನು, ತೆರಿಗೆಯನ್ನಲ್ಲ. ಆದರೆ ತಡೆಯುವ, ಶೋಧಿಸುವ, ಹಿಡಿಯುವ ಅಧಿಕಾರ ಅದಕ್ಕೂ ಇದೆ. 1968ರ ಅಧಿನಿಯಮದ 139ನೆಯ ಕಲಮು ಅದನ್ನು ಕೊಡುತ್ತದೆ. ಗೆರೆ ಸೀಮೆಯಾಗುವ ಮಾತು ಇಲ್ಲಿಯೂ ಬರುತ್ತದೆ. 2021ರ ಅಕ್ಟೋಬರಿನಲ್ಲಿ ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಮುಗಳಲ್ಲಿ ಹದಿನೈದು ಕಿಲೊಮೀಟರಿದ್ದ ಈ ಸೀಮೆಯನ್ನು ಕೇಂದ್ರ ಸರಕಾರ ಐವತ್ತಕ್ಕೆ ಹಿಗ್ಗಿಸಿತು; ಗುಜರಾತಿನಲ್ಲಿ ಎಂಬತ್ತಿದ್ದದ್ದನ್ನು ಐವತ್ತಕ್ಕೆ ಇಳಿಸಿತು. ಪಂಜಾಬ್ ಸರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಹ್ಯೂಮರ ಕಾಲದ ರೈತ ಯಾವ ನ್ಯಾಯಾಲಯಕ್ಕೂ ಹೋಗಲಾರ. ಅವನ ಪರವಾಗಿ ಹೋಗುವ ಸರಕಾರವೂ ಇರಲಿಲ್ಲ. ಅದೇ ಕಲಮಿನಲ್ಲಿ ಇನ್ನೊಂದು ವಾಕ್ಯವಿದೆ: ಇಂಥ ಪ್ರತಿಯೊಂದು ಆಜ್ಞೆಯನ್ನೂ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ನೋಡುವುದಕ್ಕೆ ಕಾಗದದ ಮೇಲಿನ ಒಂದು ಔಪಚಾರಿಕ ಸಾಲು. ಉಪ್ಪಿನ ಬೇಲಿಯ ಚರಿತ್ರೆಯನ್ನು ಓದಿದವನಿಗೆ ಮಾತ್ರ ಆ ಸಾಲು ಚಿಕ್ಕದಾಗಿ ಕಾಣುವುದಿಲ್ಲ. ಏಣಿಗೆ ಕೆಳಮುಖವಾದ ಮೆಟ್ಟಿಲು ಅದೊಂದೇ. ಸದನದಲ್ಲಿ ಕುಳಿತವರು ಅದರ ಮೇಲೆ ಕಾಲಿಡುತ್ತಾರೆಯೇ ಇಲ್ಲವೇ ಎಂಬುದು ಬೇರೆ ಮಾತು. ಅದನ್ನು ಅವರನ್ನು ಆರಿಸಿದವರು ಕೇಳಬೇಕು.

ಬೇಲಿ ಹೋದರೂ ತೆರಿಗೆ ಹೋಗಲಿಲ್ಲ. ಬೇಲಿಯ ಕಾವಲು ತಪ್ಪಿ ಉಪ್ಪಿನ ಕಾರ್ಖಾನೆಗಳ ಕಾವಲು ಬಂತು. ಚೌಳು ಮಣ್ಣಿನಿಂದ ಉಪ್ಪು ತೆಗೆಯುವುದು ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಅಪರಾಧವೆನಿಸಿಕೊಂಡಿತು. 1930ರಲ್ಲಿ ದಾಂಡಿಯಲ್ಲಿ ಗಾಂಧೀಜಿ ಒಂದು ಹಿಡಿ ಉಪ್ಪು ಎತ್ತಿದ ಕೆಲವೇ ದಿನಗಳಲ್ಲಿ ನಮ್ಮ ಅಂಕೋಲೆಯ ತೀರದಲ್ಲಿಯೂ ಜನ ಅದೇ ಕೆಲಸ ಮಾಡಿದರು. ಆ ಹೊತ್ತಿಗೆ ಬೇಲಿಯ ನೆನಪು ಯಾರಿಗೂ ಇದ್ದಂತೆ ತೋರದು. ಎತ್ತರಿಸಿದ ಕಾಲುದಾರಿ ಎಷ್ಟೋ ಕಡೆ ಗಾಡಿಯ ರಸ್ತೆಯಾಗಿತ್ತು. ಉಳಿದ ಕಡೆ ಅಕ್ಕಪಕ್ಕದ ರೈತರು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರು. ರಾಯ್ ಮಾಕ್ಸಮ್ ಎಂಬ ಇಂಗ್ಲಿಷ್ ಲೇಖಕರು ಹಳೆಯ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಇದರ ಪ್ರಸ್ತಾಪವನ್ನು ಕಂಡು, ನಂಬಲಾರದೆ, 1990ರ ದಶಕದಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಬೇಲಿ ಎಲ್ಲಿತ್ತೆಂದು ಕೇಳುತ್ತ ಅಲೆದರು. 2001ರಲ್ಲಿ ಅದರ ಮೇಲೊಂದು ಪುಸ್ತಕ ಬರೆದರು. ಬಹಳ ಕಡೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಇಟಾವಾ ಜಿಲ್ಲೆಯ ಒಂದೂರಿನಲ್ಲಿ, ಹ್ಯೂಮರು ಕಲೆಕ್ಟರಾಗಿದ್ದ ಅದೇ ಇಟಾವಾದಲ್ಲಿ, ಹೊಲಗಳ ನಡುವೆ ಉಳಿದಿದ್ದ ಏರಿಯ ಒಂದು ತುಂಡು ಅವರಿಗೆ ಸಿಕ್ಕಿತು. ಅದರ ಮೇಲೆ ಮುಳ್ಳಿನ ಗಿಡಗಳು ಬೆಳೆದಿದ್ದವು.